ಕಚೇರಿ ಕಟ್ಟಡದ ಡೇಟಾ ವೈರಿಂಗ್: ಯಾವ ಆಯ್ಕೆ ಯಾವ ಸಂದರ್ಭಕ್ಕೆ

ಹೊಸ ಕಚೇರಿಗೆ ಡೇಟಾ ವೈರಿಂಗ್ ಮಾಡಿಸುವ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ತಾಮ್ರದ ಡೇಟಾ ಕೇಬಲ್ಲಿನ ವರ್ಗಗಳಲ್ಲಿ ಕ್ಯಾಟ್ 6 ಸಾಕೇ, ಕ್ಯಾಟ್ 6ಎ ಬೇಕೇ ಎಂದು. ಕೇಳಬೇಕಾದ ಪ್ರಶ್ನೆಯೇ ಹೌದು, ಆದರೆ ಅದಕ್ಕೂ ಮೊದಲು ತೀರ್ಮಾನವಾಗಬೇಕಾದ ಸಂಗತಿಗಳು ಬೇರೆ ಇವೆ. ಜಾಲದ ಒಂದೊಂದು ಭಾಗಕ್ಕೂ ಒಂದೊಂದು ಆಯಸ್ಸು. ಕಂಪ್ಯೂಟರುಗಳನ್ನು ಜಾಲಕ್ಕೆ ಜೋಡಿಸುವ ಸ್ವಿಚ್ಚುಗಳನ್ನೂ ವೈಫೈ ಆಕ್ಸೆಸ್ ಪಾಯಿಂಟ್‌ಗಳನ್ನೂ ಸಾಮಾನ್ಯವಾಗಿ ಕೆಲವೇ ವರ್ಷಗಳಿಗೊಮ್ಮೆ ಬದಲಾಯಿಸುತ್ತಾರೆ. ಗೋಡೆಯೊಳಗೆ ಅಥವಾ ಫಾಲ್ಸ್ ಸೀಲಿಂಗ್ ಮೇಲೆ ಎಳೆದ ಕೇಬಲ್ ಹದಿನೈದು ಇಪ್ಪತ್ತು ವರ್ಷ ಅಲ್ಲೇ ಉಳಿಯುತ್ತದೆ. ಕೇಬಲ್ ಸಾಗುವ ದಾರಿ, ಅಂದರೆ ಕಾಂಡ್ಯೂಟ್ (ಕೇಬಲ್ ಕೊಳವೆ), ಟ್ರೇ (ಕೇಬಲ್ ಮಲಗಿಸುವ ತೆರೆದ ತಟ್ಟೆ) ಮತ್ತು ಮಹಡಿಗಳನ್ನು ಜೋಡಿಸುವ ಶಾಫ್ಟ್, ಕಟ್ಟಡ ನಿಂತಿರುವಷ್ಟು ಕಾಲ ಇರುತ್ತದೆ. ಕೆಳಗೆ ಆಯ್ಕೆಗಳನ್ನು ತೂಗಿರುವುದು ಈ ಆಯಸ್ಸಿನ ಲೆಕ್ಕದಲ್ಲಿ: ಮುಂದೆ ಬದಲಾಯಿಸಲು ಕಷ್ಟವಾದದ್ದಕ್ಕೆ ಈಗಲೇ ಕೈಬಿಚ್ಚಿ ಖರ್ಚು, ಸುಲಭವಾಗಿ ಬದಲಾಗುವುದಕ್ಕೆ ಇಂದಿನ ಅಗತ್ಯಕ್ಕೆ ತಕ್ಕಷ್ಟು.

ಈ ಕೆಲಸಕ್ಕೆ ಆಧಾರವಾಗಿ ಎರಡು ಮಾನದಂಡಗಳ ಸಾಲುಗಳಿವೆ. ಅಮೆರಿಕದಲ್ಲಿ 1991ರಲ್ಲಿ ಮೊದಲು ಬಂದ ಟಿಐಎ-568 ಒಂದು, 1995ರಲ್ಲಿ ಬಂದ ಅಂತರರಾಷ್ಟ್ರೀಯ ಐಎಸ್‌ಒ/ಐಇಸಿ 11801 ಇನ್ನೊಂದು. ಎರಡೂ ಅನೇಕ ಬಾರಿ ಪರಿಷ್ಕರಣೆಗೊಂಡಿವೆ, ಹೆಸರುಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದೆ. ಟೆಂಡರಿನಲ್ಲಿ ಯಾವುದಾದರೂ ಒಂದನ್ನು ಹೆಸರಿಸಿ, ಕೊನೆಯವರೆಗೂ ಅದನ್ನೇ ಹಿಡಿದರೆ ಸಾಕು.

ಮೊದಲು ಕೋಣೆ, ಆಮೇಲೆ ದಾರಿ

ತಾಮ್ರದ ಕೇಬಲ್ಲಿಗೆ ಒಂದು ಗಡಿಯಿದೆ: ಸ್ವಿಚ್ಚಿನಿಂದ ಮೇಜಿನ ಮೇಲಿನ ಯಂತ್ರದವರೆಗೆ ಒಟ್ಟು 100 ಮೀಟರ್. ಇದರಲ್ಲಿ ರ‍್ಯಾಕಿನ (ಉಪಕರಣ ಕೂರಿಸುವ ಚೌಕಟ್ಟಿನ), ಕೇಬಲ್‌ಗಳ ತುದಿ ಸೇರುವ ಪ್ಯಾಚ್ ಪ್ಯಾನೆಲ್‌ನಿಂದ ಗೋಡೆಯ ಸಾಕೆಟ್‌ವರೆಗಿನ ಸ್ಥಿರ ಕೇಬಲ್ 90 ಮೀಟರ್ ಮೀರಬಾರದು. ಉಳಿದ 10 ಮೀಟರ್ ಎರಡೂ ತುದಿಯಲ್ಲಿ ಸಿಕ್ಕಿಸುವ ಚಿಕ್ಕ ಕೇಬಲ್‌ಗಳಾದ ಪ್ಯಾಚ್ ಕಾರ್ಡ್‌ಗಳ ಪಾಲು. ಇಲ್ಲಿ 90 ಮೀಟರ್ ಎಂದರೆ ನಕ್ಷೆಯಲ್ಲಿ ಅಳತೆಪಟ್ಟಿಯಿಟ್ಟು ಎಳೆದ ನೇರ ಗೆರೆಯಲ್ಲ. ರ‍್ಯಾಕಿನಿಂದ ಸೀಲಿಂಗಿಗೆ ಏರುವುದು, ಟ್ರೇಯ ತಿರುವುಗಳಲ್ಲಿ ಬಳಸಿಕೊಂಡು ಹೋಗುವುದು, ಕಂಬದಲ್ಲಿ ಕೆಳಗಿಳಿಯುವುದು, ತುದಿಗಳಲ್ಲಿ ಬಿಡುವ ಹೆಚ್ಚುವರಿ ಉದ್ದ, ಇವೆಲ್ಲ ಸೇರಿದ ಲೆಕ್ಕ. ನಕ್ಷೆಯಲ್ಲಿ 60 ಮೀಟರ್ ಕಂಡ ಮೂಲೆಯೊಂದು ಕೇಬಲ್ಲಿನ ದಾರಿಯಲ್ಲಿ 85 ಮೀಟರ್ ಆಗುವುದು ಅಪರೂಪವೇನಲ್ಲ.

ಹೀಗಾಗಿ ಮೊದಲ ನಿಜವಾದ ಆಯ್ಕೆ ಇರುವುದು ಕೋಣೆಗಳ ವಿಷಯದಲ್ಲಿ. ಇಡೀ ಕಟ್ಟಡಕ್ಕೆ ಒಂದೇ ಸರ್ವರ್ ಕೋಣೆ ಮಾಡಿ ಎಲ್ಲ ಕೇಬಲ್‌ಗಳನ್ನೂ ಅಲ್ಲಿಗೇ ತರಬಹುದು. ಅಥವಾ ಪ್ರತಿ ಮಹಡಿಗೂ ಒಂದು ಚಿಕ್ಕ ಟೆಲಿಕಾಂ ಕೋಣೆ ಕೊಟ್ಟು, ಅಲ್ಲಿಂದ ಮುಖ್ಯ ಕೋಣೆಗೆ ಆಪ್ಟಿಕಲ್ ಫೈಬರ್ ಎಳೆಯಬಹುದು. ಒಂದೆರಡು ಮಹಡಿಯ, ವಿಸ್ತಾರ ಕಡಿಮೆಯಿರುವ ಕಚೇರಿಗೆ ಮೊದಲನೆಯದು ಒಳ್ಳೆಯದು: ಹವಾನಿಯಂತ್ರಣ, ಯುಪಿಎಸ್, ಬೀಗ ಎಲ್ಲವೂ ಒಂದೇ ಕಡೆ. ಅದಕ್ಕಿಂತ ದೊಡ್ಡದಕ್ಕೆ ಮಹಡಿಗೊಂದು ಕೋಣೆಯೇ ಸರಿ. ಸುಮಾರು 1000 ಚದರ ಮೀಟರ್ ಬಳಕೆಯ ಜಾಗಕ್ಕೆ ಒಂದು ಕೋಣೆ ಎಂಬುದು ಬಹುಕಾಲದಿಂದ ರೂಢಿಯಲ್ಲಿರುವ ಲೆಕ್ಕ. ಕೋಣೆಗಳು ಒಂದರ ಮೇಲೊಂದು ನೇರವಾಗಿ ಬರುವಂತೆ ವಾಸ್ತುಶಿಲ್ಪಿಯನ್ನು ಒಪ್ಪಿಸಬೇಕು. ಎರಡನೆಯ ಮಹಡಿಯ ಕೋಣೆ ಪೂರ್ವದಲ್ಲಿ, ಮೂರನೆಯದು ಪಶ್ಚಿಮದಲ್ಲಿ ಇದ್ದರೆ ಮಹಡಿಗಳನ್ನು ಬೆಸೆಯುವ ಪ್ರತಿ ಬೆನ್ನೆಲುಬು ಕೇಬಲ್ಲೂ ಮಹಡಿಯನ್ನು ಅಡ್ಡಲಾಗಿ ದಾಟಬೇಕಾಗುತ್ತದೆ. ಶೌಚಾಲಯದ ಕೆಳಗೆ, ನೀರಿನ ಕೊಳವೆಯ ಪಕ್ಕ, ಲಿಫ್ಟ್ ಯಂತ್ರದ ಗೋಡೆಗೆ ಒತ್ತಿ ಈ ಕೋಣೆ ಬರಬಾರದು. ನಕ್ಷೆಯಲ್ಲಿ ಮಿಕ್ಕುಳಿದ ಜಾಗವನ್ನೆಲ್ಲ ಟೆಲಿಕಾಂ ಕೋಣೆ ಎಂದು ಗುರುತಿಸುವ ಅಭ್ಯಾಸ ಇನ್ನೂ ಹೋಗಿಲ್ಲವಾದ್ದರಿಂದ ಇದನ್ನು ಹೇಳಲೇಬೇಕಾಗಿದೆ.

ದಾರಿಯ ವಿಷಯದಲ್ಲಿ ತೆರೆದ ಟ್ರೇ ಮತ್ತು ಕಾಂಡ್ಯೂಟ್ ನಡುವೆ ಆರಿಸಬೇಕಾಗುತ್ತದೆ. ಮುಖ್ಯ ಹಾದಿಗಳಿಗೆ ಟ್ರೇ ಉತ್ತಮ. ಕೇಬಲ್ ಸೇರಿಸುವುದೂ ತೆಗೆಯುವುದೂ ಸುಲಭ. ಕಾಂಡ್ಯೂಟ್ ಇರಬೇಕಾದದ್ದು ಗೋಡೆಯೊಳಗೆ, ಕಾಂಕ್ರೀಟಿನೊಳಗೆ, ಕೇಬಲ್ಲಿಗೆ ಪೆಟ್ಟು ಬೀಳಬಹುದಾದ ಕಡೆ. ಕಾಂಡ್ಯೂಟ್‌ನ ಒಳಗಿನ ಅಡ್ಡಕೊಯ್ತದಲ್ಲಿ ಶೇ. 40ಕ್ಕಿಂತ ಹೆಚ್ಚು ತುಂಬಬಾರದು. ಟ್ರೇಯನ್ನೂ ಮೊದಲ ದಿನವೇ ಅಂಚಿನವರೆಗೆ ತುಂಬಿಸುವಂತೆ ಅಳೆಯಬಾರದು. ಅರ್ಧಕ್ಕಿಂತ ಸಾಕಷ್ಟು ಕಡಿಮೆಯಲ್ಲಿ ಶುರುವಾಗಬೇಕು. ವಿದ್ಯುತ್ ಕೇಬಲ್‌ಗಳ ಜೊತೆ ಒಂದೇ ಟ್ರೇಯಲ್ಲಿ ಹಾಕುವುದು ಸಲ್ಲದು. ಬೇರೆ ಟ್ರೇ, ಇಲ್ಲವೇ ಕನಿಷ್ಠ ನಡುವೆ ಲೋಹದ ತಡೆ ಇರಬೇಕು; ಎರಡೂ ಹಾದಿಗಳು ಸಂಧಿಸಲೇಬೇಕಾದಲ್ಲಿ ಲಂಬಕೋನದಲ್ಲಿ ದಾಟಬೇಕು.

ಹಣ ಕಡಿಮೆಯಿದ್ದು ಒಂದನ್ನೇ ಆರಿಸಬೇಕಾದರೆ, ದೊಡ್ಡ ಟ್ರೇ ಹಾಕಿ ಕ್ಯಾಟ್ 6 ಎಳೆಯುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಇಕ್ಕಟ್ಟಾದ ಕಾಂಡ್ಯೂಟ್‌ನಲ್ಲಿ ಕ್ಯಾಟ್ 6ಎ ತುರುಕಿದರೆ ಕೇಬಲ್ಲೂ ಹಾಳು, ಮುಂದಿನವರ ದಾರಿಯೂ ಬಂದ್.

ಎಷ್ಟು ಪಾಯಿಂಟ್, ಎಲ್ಲಿ

ಹಳೆಯ ಸೂತ್ರ ಸರಳವಾಗಿತ್ತು: ಸುಮಾರು 10 ಚದರ ಮೀಟರಿಗೆ ಒಬ್ಬ ನೌಕರ, ಒಬ್ಬರಿಗೆ ಕನಿಷ್ಠ ಎರಡು ಪಾಯಿಂಟ್ (ಡೇಟಾ ಸಾಕೆಟ್), ಒಂದು ಫೋನಿಗೆ, ಒಂದು ಕಂಪ್ಯೂಟರಿಗೆ. ಈಗ ಬಹುಪಾಲು ಲ್ಯಾಪ್‌ಟಾಪ್‌ಗಳು ವೈಫೈಯಲ್ಲೇ ಇರುತ್ತವೆ, ಮೇಜಿನ ಫೋನು ಅನೇಕ ಕಡೆ ಮಾಯವಾಗಿದೆ. ಹಾಗೆಂದು ಕೇಬಲ್ ಬೇಡವಾಗಿಲ್ಲ. ಮೇಜಿನಿಂದ ಸೀಲಿಂಗಿಗೆ ಏರಿದೆ. ಆಕ್ಸೆಸ್ ಪಾಯಿಂಟ್, ಕ್ಯಾಮೆರಾ, ಬಾಗಿಲಿನ ಕಾರ್ಡ್ ರೀಡರ್, ಸಭಾಕೋಣೆಯ ಪರದೆ, ದೀಪ ನಿಯಂತ್ರಣ, ಎಲ್ಲಕ್ಕೂ ಕೇಬಲ್ ಬೇಕು, ಇವುಗಳಲ್ಲಿ ಬಹಳಷ್ಟಕ್ಕೆ ವಿದ್ಯುತ್ತೂ ಅದೇ ಕೇಬಲ್ಲಿನಲ್ಲಿ ಬರುತ್ತದೆ.

ಎಲ್ಲವನ್ನೂ ವೈಫೈಗೆ ಬಿಟ್ಟು ಮೇಜಿನ ಪಾಯಿಂಟ್‌ಗಳನ್ನು ಪೂರ್ತಿ ಕೈಬಿಡುವುದು ಒಂದು ತುದಿ. ವೈಫೈ ಇದ್ದೂ ಪ್ರತಿ ಮೇಜಿಗೆ ನಾಲ್ಕು ಪಾಯಿಂಟ್ ಕೊಡುವುದು ಇನ್ನೊಂದು ತುದಿ. ದಿನವಿಡೀ ದೊಡ್ಡ ಕಡತಗಳನ್ನು ಸಾಗಿಸುವವರು, ಧ್ವನಿ ಮತ್ತು ವೀಡಿಯೊ ಕರೆಗಳಲ್ಲೇ ಕೆಲಸ ಮಾಡುವವರು, ಸ್ಥಿರ ಕಂಪ್ಯೂಟರ್ ಬಳಸುವವರು ಇರುವ ವಿಭಾಗಕ್ಕೆ ಮೇಜಿಗೆ ಎರಡು, ಉಳಿದವರಿಗೆ ಒಂದು ಎಂಬ ಲೆಕ್ಕ ಸಮಂಜಸ. ಪ್ರತಿ ಆಕ್ಸೆಸ್ ಪಾಯಿಂಟ್ ಜಾಗಕ್ಕೆ ಮಾತ್ರ ಎರಡು ಕೇಬಲ್ ಎಳೆಯಬೇಕು. ಎರಡನೆಯದು ಇಂದು ಬಳಕೆಗೆ ಬಾರದಿದ್ದರೂ, ಏಣಿ ಹಾಕಿ ಸೀಲಿಂಗ್ ಬಿಚ್ಚುವ ಖರ್ಚಿನ ಮುಂದೆ ಆ ಕೇಬಲ್ಲಿನ ಬೆಲೆ ಏನೂ ಅಲ್ಲ.

ಮೇಜುಗಳ ಜೋಡಣೆ ಪದೇ ಪದೇ ಬದಲಾಗುವ ತೆರೆದ ಕಚೇರಿಗೆ ಇನ್ನೊಂದು ದಾರಿಯಿದೆ. ಟೆಲಿಕಾಂ ಕೋಣೆಯಿಂದ ಪ್ರತಿ ವಲಯದ ಸೀಲಿಂಗಿನಲ್ಲೋ ಎತ್ತರಿಸಿದ ನೆಲದಡಿಯಲ್ಲೋ ಇರುವ ಜೋಡಣೆ ಪೆಟ್ಟಿಗೆ, ಅಂದರೆ ಕನ್ಸಾಲಿಡೇಶನ್ ಪಾಯಿಂಟ್‌ವರೆಗೆ ಖಾಯಂ ಕೇಬಲ್ ಎಳೆದು, ಅಲ್ಲಿಂದ ಮೇಜುಗಳಿಗೆ ಚಿಕ್ಕ ಕೇಬಲ್ ಕೊಡುವುದು. ಪೀಠೋಪಕರಣ ಸರಿದಾಗ ಕೊನೆಯ ತುಂಡನ್ನಷ್ಟೇ ಬದಲಾಯಿಸಿದರೆ ಆಯಿತು. ಆ ಪೆಟ್ಟಿಗೆ ಕೋಣೆಯಿಂದ ಕನಿಷ್ಠ 15 ಮೀಟರ್ ದೂರವಿರಬೇಕು, ಅದಕ್ಕೆ ಹನ್ನೆರಡಕ್ಕಿಂತ ಹೆಚ್ಚು ಆಸನ ಜೋಡಿಸಬಾರದು. ಗೋಡೆಗೋಡೆಗಳ ಸ್ಥಿರ ಕೋಣೆಗಳಿರುವ ಕಚೇರಿಗೆ ಇದು ಅನಾವಶ್ಯಕ. ಒಂದು ಜೋಡಣೆ ಹೆಚ್ಚಾದಷ್ಟೂ ಕೆಡಬಹುದಾದ ಜಾಗವೂ ಒಂದು ಹೆಚ್ಚು.

ತಾಮ್ರ: ಕ್ಯಾಟ್ 5ಇ, 6, 6ಎ, ಮತ್ತು ಅವುಗಳಾಚೆ

ಈಗ ಆ ಜನಪ್ರಿಯ ಪ್ರಶ್ನೆ. ಕ್ಯಾಟ್ 5ಇ ಕೇಬಲ್ಲಿಗೆ 100 ಮೆಗಾಹರ್ಟ್ಸ್, ಕ್ಯಾಟ್ 6ಕ್ಕೆ 250, ಕ್ಯಾಟ್ 6ಎಗೆ 500 ಮೆಗಾಹರ್ಟ್ಸ್‌ವರೆಗೆ ಗುಣಮಟ್ಟ ನಿಗದಿಯಾಗಿದೆ. 1999ರಲ್ಲಿ ಬಂದ, ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಈಥರ್ನೆಟ್ (ಕೇಬಲ್ ಜಾಲದ ಸಾಮಾನ್ಯ ಪದ್ಧತಿ) ಮೂರರಲ್ಲೂ 100 ಮೀಟರ್ ಓಡುತ್ತದೆ. 2006ರಲ್ಲಿ ತಾಮ್ರಕ್ಕೆಂದು ಬಂದ 10 ಗಿಗಾಬಿಟ್ ಪೂರ್ತಿ 100 ಮೀಟರ್ ಓಡುವುದು ಕ್ಯಾಟ್ 6ಎಯಲ್ಲಿ ಮಾತ್ರ. ಕ್ಯಾಟ್ 6ರಲ್ಲಿ ಅದು ಒಳ್ಳೆಯ ಪರಿಸ್ಥಿತಿಯಲ್ಲಿ 55 ಮೀಟರ್, ಕೇಬಲ್‌ಗಳು ಒತ್ತೊತ್ತಾಗಿ ಕಟ್ಟಿದ್ದಲ್ಲಿ 37 ಮೀಟರ್‌ನ ಆಸುಪಾಸಿಗೆ ನಿಲ್ಲಬಹುದು. ಕಾರಣ, ಪಕ್ಕದ ಕೇಬಲ್ಲಿನಿಂದ ಸೋರಿ ಬರುವ ಏಲಿಯನ್ ಕ್ರಾಸ್‌ಟಾಕ್. ಒಂದೇ ಕೇಬಲ್ಲಿನೊಳಗಿನ ತಂತಿಜೋಡಿಗಳ ನಡುವಿನ ಸೋರಿಕೆಯನ್ನು ಉಪಕರಣವೇ ಲೆಕ್ಕಹಾಕಿ ಬಹುಮಟ್ಟಿಗೆ ಅಳಿಸಿಹಾಕಬಲ್ಲದು, ಬೇರೆ ಕೇಬಲ್ಲಿನಲ್ಲಿ ಏನು ಹರಿಯುತ್ತಿದೆ ಎಂಬುದು ಮಾತ್ರ ಅದಕ್ಕೆ ತಿಳಿಯದು.

ಚಿತ್ರವನ್ನು ಸ್ವಲ್ಪ ಬದಲಿಸಿದ್ದು 2016ರ 802.3ಬಿಝಡ್ ಮಾನದಂಡ. ಹಳೆಯ ಕೇಬಲ್ಲಿನಲ್ಲೇ ಹೆಚ್ಚು ವೇಗದ ವೈಫೈಗೆ ದಾರಿ ಮಾಡಿಕೊಡಲೆಂದು ಬಂದ ಇದರಲ್ಲಿ ಕ್ಯಾಟ್ 5ಇ ಮೇಲೆ 2.5 ಗಿಗಾಬಿಟ್, ಕ್ಯಾಟ್ 6ರ ಮೇಲೆ 5 ಗಿಗಾಬಿಟ್ 100 ಮೀಟರ್‌ವರೆಗೆ ಸಾಧ್ಯ. ಆದ್ದರಿಂದ ಇರುವ ಕಟ್ಟಡದಲ್ಲಿ ಸುಸ್ಥಿತಿಯ ಕ್ಯಾಟ್ 5ಇ ಇದ್ದರೆ, ಕೇವಲ ಹೊಸ ಆಕ್ಸೆಸ್ ಪಾಯಿಂಟ್‌ಗಳಿಗಾಗಿ ಎಲ್ಲವನ್ನೂ ಕಿತ್ತುಹಾಕಬೇಕಿಲ್ಲ. ಹೊಸದಾಗಿ ಎಳೆಯುವಾಗ ಮಾತ್ರ ಕ್ಯಾಟ್ 5ಇ ಆರಿಸಲು ಕಾರಣವೇ ಇಲ್ಲ. ಕೂಲಿ ಹೇಗೂ ಒಂದೇ.

ಕ್ಯಾಟ್ 6 ಮತ್ತು 6ಎ ನಡುವಿನ ವ್ಯತ್ಯಾಸ ಕೇಬಲ್ಲಿನ ಬೆಲೆಯಲ್ಲಷ್ಟೇ ಇಲ್ಲ. 6ಎ ದಪ್ಪ, ಬಿಗಿ, ಭಾರ. ಬಾಗುವ ತ್ರಿಜ್ಯ ಕೇಬಲ್ಲಿನ ವ್ಯಾಸದ ಕನಿಷ್ಠ ನಾಲ್ಕು ಪಟ್ಟು ಇರಬೇಕಾದ್ದರಿಂದ ಗೋಡೆಯ ಪೆಟ್ಟಿಗೆ ಆಳವಾಗಿರಬೇಕು, ರ‍್ಯಾಕಿನ ಪಕ್ಕದಲ್ಲಿ ಹೆಚ್ಚು ಜಾಗ ಬೇಕು, ಟ್ರೇ ಬೇಗ ತುಂಬುತ್ತದೆ. ಜ್ಯಾಕ್ ಜೋಡಿಸಲೂ ಹೆಚ್ಚು ಸಮಯ, ಹೆಚ್ಚು ಪಳಗಿದ ಕೈ ಬೇಕು. ನನ್ನ ಶಿಫಾರಸು ಬೆರಕೆಯದ್ದು: ಸೀಲಿಂಗಿಗೆ ಹೋಗುವ ಎಲ್ಲ ಕೇಬಲ್‌ಗಳೂ, ಸಭಾಕೋಣೆ ಮತ್ತು ಸರ್ವರ್ ಕೋಣೆಯ ಕೇಬಲ್‌ಗಳೂ ಕ್ಯಾಟ್ 6ಎ, ಬಾಡಿಗೆ ಅವಧಿ ಐದಾರು ವರ್ಷ ಮಾತ್ರವಿರುವ ಕಚೇರಿಯ ಮೇಜುಗಳಿಗೆ ಕ್ಯಾಟ್ 6. ಸ್ವಂತ ಕಟ್ಟಡವಾದರೆ ಮೇಜಿಗೂ 6ಎ ಹಾಕುವ ವಾದಕ್ಕೆ ಬಲವಿದೆ. ಬೆರಕೆ ಮಾಡುವವರು ಎರಡಕ್ಕೂ ಬೇರೆ ಬೇರೆ ಬಣ್ಣದ ಹೊದಿಕೆ ಇಡಬೇಕು, ಇಲ್ಲದಿದ್ದರೆ ಎರಡೇ ವರ್ಷದಲ್ಲಿ ಯಾವುದು ಯಾವುದೆಂದು ಹೇಳುವವರೇ ಇರುವುದಿಲ್ಲ.

ಕ್ಯಾಟ್ 7, ಕ್ಯಾಟ್ 8 ಎಂಬ ಹೆಸರುಗಳಿಗೆ ಮರುಳಾಗಬಾರದು. ಕ್ಯಾಟ್ 7 ಅನ್ನು ಟಿಐಎ ಮಾನ್ಯ ಮಾಡಿಯೇ ಇಲ್ಲ, ಐಎಸ್‌ಒ ಮಾನದಂಡದಲ್ಲಿ ಅದಕ್ಕೆ ಹೇಳಿರುವುದು ಎಲ್ಲೆಡೆ ಕಾಣುವ ಈಥರ್ನೆಟ್ ಪ್ಲಗ್ಗಾದ ಆರ್‌ಜೆ45 ಅಲ್ಲದ ಬೇರೆ ಕನೆಕ್ಟರ್. ಎರಡು ತುದಿಗೂ ಆರ್‌ಜೆ45 ಹಾಕಿದ ಮೇಲೆ ಆ ಕೇಬಲ್ಲಿನಿಂದ 6ಎಗಿಂತ ಹೆಚ್ಚಿನದೇನನ್ನೂ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕ್ಯಾಟ್ 8 ನಿಜವಾದ ಮಾನದಂಡವೇ, 2000 ಮೆಗಾಹರ್ಟ್ಸ್, 25 ಮತ್ತು 40 ಗಿಗಾಬಿಟ್. ಆದರೆ ಅದರ ಒಟ್ಟು ಉದ್ದ 30 ಮೀಟರ್. ಡೇಟಾ ಸೆಂಟರಿನಲ್ಲಿ ರ‍್ಯಾಕಿನಿಂದ ರ‍್ಯಾಕಿಗೆ ಹೋಗುವ ಕೇಬಲ್ ಅದು, ಕಚೇರಿಯ ಮಹಡಿಗೆ ಹೇಳಿದ್ದಲ್ಲ.

ಒಂದೇ ಕೇಬಲ್ಲಿನಲ್ಲಿ ವಿದ್ಯುತ್ತೂ

ಪವರ್ ಓವರ್ ಈಥರ್ನೆಟ್ 2003ರಲ್ಲಿ ಬಂದಾಗ ಸ್ವಿಚ್ಚಿನ ಪ್ರತಿ ಪೋರ್ಟ್ ಕೊಡುತ್ತಿದ್ದದ್ದು 15.4 ವ್ಯಾಟ್, 2009ರಲ್ಲಿ 30 ವ್ಯಾಟ್ ಆಯಿತು, 2018ರ 802.3ಬಿಟಿ ಮಾನದಂಡದಲ್ಲಿ ನಾಲ್ಕೂ ಜೋಡಿಗಳನ್ನು ಬಳಸಿ 60 ಮತ್ತು 90 ವ್ಯಾಟ್‌ಗೆ ಏರಿತು. 90 ವ್ಯಾಟ್ ಹೊರಟರೆ 100 ಮೀಟರ್ ಆಚೆಯ ಉಪಕರಣಕ್ಕೆ ಖಾತ್ರಿಯಾಗಿ ತಲಪುವುದು 71.3 ವ್ಯಾಟ್. ನಡುವಿನದು ಎಲ್ಲಿ ಹೋಯಿತೆಂದರೆ, ಕೇಬಲ್ಲಿನಲ್ಲೇ ಶಾಖವಾಗಿ.

ಯೋಜನೆಯಲ್ಲಿ ಬಹಳ ಜನ ಕಡೆಗಣಿಸುವ ಸಂಗತಿ ಈ ಶಾಖ. ನೂರು ಕೇಬಲ್‌ಗಳನ್ನು ಒಂದೇ ಕಂತೆಯಾಗಿ ಕಟ್ಟಿದರೆ ನಡುವಿನ ಕೇಬಲ್ಲಿನ ಬಿಸಿ ಹೊರಹೋಗಲು ದಾರಿಯಿಲ್ಲ. ಕೇಬಲ್ಲಿನ ಗುಣಮಟ್ಟವನ್ನು ನಿಗದಿ ಮಾಡಿರುವುದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶೀಲ್ಡ್ (ತಂತಿಗಳ ಸುತ್ತಲಿನ ಲೋಹದ ಕವಚ) ಇಲ್ಲದ ಕೇಬಲ್ಲಿನಲ್ಲಿ ಅಲ್ಲಿಂದ ಮೇಲೆ 40 ಡಿಗ್ರಿಯವರೆಗೆ ಪ್ರತಿ ಡಿಗ್ರಿಗೂ ಸಂಕೇತದ ನಷ್ಟ ಸುಮಾರು ಶೇ. 0.4ರಷ್ಟು ಹೆಚ್ಚುತ್ತದೆ, ಆಚೆಗೆ ಇನ್ನೂ ವೇಗವಾಗಿ. ಬೇಸಿಗೆಯಲ್ಲಿ ಕಾದ ಫಾಲ್ಸ್ ಸೀಲಿಂಗ್ ಮೇಲೆ 85 ಮೀಟರ್ ಕೇಬಲ್ಲು 90 ವ್ಯಾಟ್ ಹೊತ್ತಿದ್ದರೆ, ಕಾಗದದ ಮೇಲೆ ಉಳಿದಿದ್ದ ಅಂತರವೆಲ್ಲ ಅಲ್ಲೇ ಕರಗುತ್ತದೆ. ಕಂತೆಯಲ್ಲಿ 24ಕ್ಕಿಂತ ಹೆಚ್ಚು ಕೇಬಲ್ ಬೇಡ ಎಂಬ ಶಿಫಾರಸನ್ನು ಪಾಲಿಸಬೇಕು; ಸಾಧ್ಯವಾದಲ್ಲಿ ಕಟ್ಟದೆ ಟ್ರೇಯಲ್ಲಿ ಸಡಿಲವಾಗಿ ಮಲಗಿಸುವುದು ಇನ್ನೂ ಒಳ್ಳೆಯದು. ಕ್ಯಾಟ್ 6ಎಯ ದಪ್ಪ ತಾಮ್ರಕ್ಕೆ ಪ್ರತಿರೋಧ ಕಡಿಮೆಯಿರುವುದರಿಂದ ಅದು ಕಡಿಮೆ ಕಾಯುತ್ತದೆ. ಸೀಲಿಂಗಿಗೆ 6ಎ ಎಂದು ಮೇಲೆ ಹೇಳಿದ್ದಕ್ಕೆ 10 ಗಿಗಾಬಿಟ್‌ಗಿಂತ ಈ ಕಾರಣವೇ ಗಟ್ಟಿಯಾದದ್ದು.

ತಾಮ್ರ ಲೇಪಿತ ಅಲ್ಯೂಮಿನಿಯಂ ಕೇಬಲ್ ಯಾವ ಕಾರಣಕ್ಕೂ ಒಳಬರಬಾರದು. ಪೆಟ್ಟಿಗೆಯ ಮೇಲೆ ಕ್ಯಾಟ್ 6 ಎಂದೇ ಬರೆದಿರುತ್ತದೆ, ಬೆಲೆ ಆಕರ್ಷಕವಾಗಿರುತ್ತದೆ, ಆದರೆ ಮಾನದಂಡಗಳು ಅಪ್ಪಟ ತಾಮ್ರವನ್ನೇ ಕೇಳುತ್ತವೆ. ಪ್ರತಿರೋಧ ಹೆಚ್ಚು, ಶಾಖ ಹೆಚ್ಚು, ಬಾಗಿಸಿದರೆ ಬೇಗ ಮುರಿಯುತ್ತದೆ. ಪೆಟ್ಟಿಗೆ ಎತ್ತಿದಾಗ ಅನುಮಾನ ಬರುವಷ್ಟು ಹಗುರವಾಗಿದ್ದರೆ, ತಂತಿಯನ್ನು ಚಾಕುವಿನಿಂದ ಕೆರೆದು ನೋಡಬೇಕು. ಒಳಗೆ ಬಿಳಿ ಲೋಹ ಕಂಡರೆ ಸರಕನ್ನು ಹಿಂದಕ್ಕೆ ಕಳಿಸಬೇಕು.

ಶೀಲ್ಡ್ ಬೇಕೇ

ಶೀಲ್ಡ್ ಇರುವ ಕೇಬಲ್ ಹೊರಗಿನ ವಿದ್ಯುತ್ಕಾಂತೀಯ ಗದ್ದಲವನ್ನೂ ಪಕ್ಕದ ಕೇಬಲ್ಲಿನ ಸೋರಿಕೆಯನ್ನೂ ಚೆನ್ನಾಗಿ ತಡೆಯುತ್ತದೆ, ಶಾಖವನ್ನೂ ಚೆನ್ನಾಗಿ ಹರಡುತ್ತದೆ. ಆದರೆ ಲಾಭ ಸಿಗುವುದು ಜ್ಯಾಕ್, ಪ್ಯಾನೆಲ್, ಪ್ಯಾಚ್ ಕಾರ್ಡ್ ಎಲ್ಲವೂ ಶೀಲ್ಡ್ ಇರುವವೇ ಆಗಿದ್ದು, ರ‍್ಯಾಕಿಗೆ ಸರಿಯಾದ ಅರ್ಥಿಂಗ್ ಇದ್ದಾಗ ಮಾತ್ರ. ಅಷ್ಟು ಶಿಸ್ತಿನಿಂದ ಕೆಲಸ ಮಾಡುವ ತಂಡ ಇಲ್ಲದ ಕಡೆ ಶೀಲ್ಡ್‌ಗೆ ಕೊಟ್ಟ ಹಣ ದಂಡ. ಸಾಮಾನ್ಯ ಕಚೇರಿಗೆ ಶೀಲ್ಡ್ ಇಲ್ಲದ ಕೇಬಲ್ಲೇ ಸಾಕು. ಲಿಫ್ಟ್ ಮೋಟಾರು, ಜನರೇಟರ್, ದೊಡ್ಡ ಯಂತ್ರಗಳ ಪಕ್ಕದಲ್ಲಿ ಹಾದುಹೋಗಲೇಬೇಕಾದಾಗ ಶೀಲ್ಡ್ ಅರ್ಥಪೂರ್ಣ, ಅಂಥ ಕಡೆಯೂ ಫೈಬರ್ ಎಳೆದರೆ ಪ್ರಶ್ನೆಯೇ ಉಳಿಯುವುದಿಲ್ಲ.

ಮಹಡಿಗಳ ನಡುವೆ: ಮಲ್ಟಿಮೋಡ್ ಅಥವಾ ಸಿಂಗಲ್ ಮೋಡ್

ಬೆನ್ನೆಲುಬಿಗೆ ಫೈಬರ್ ಎಂಬುದರಲ್ಲಿ ತಕರಾರಿಲ್ಲ. ಯಾವ ಫೈಬರ್ ಎಂಬುದರಲ್ಲಿ ಇದೆ: ತಿರುಳು ಅಗಲವಾಗಿದ್ದು ಬೆಳಕು ಹಲವು ಹಾದಿಗಳಲ್ಲಿ ಸಾಗುವ ಮಲ್ಟಿಮೋಡೋ, ತಿರುಳು ಕಿರಿದಾಗಿದ್ದು ಒಂದೇ ಹಾದಿಯಲ್ಲಿ ಸಾಗುವ ಸಿಂಗಲ್ ಮೋಡೋ. ಮಲ್ಟಿಮೋಡ್‌ನ ಪರವಾಗಿ ಬಹುಕಾಲ ಕೇಳಿಬಂದ ವಾದ, ಅದರ ತುದಿಗಳಲ್ಲಿ ವಿದ್ಯುತ್ ಸಂಕೇತವನ್ನು ಬೆಳಕಾಗಿಸುವ ಟ್ರಾನ್ಸೀವರ್‌ಗಳು ಅಗ್ಗ ಎಂಬುದು. 10 ಗಿಗಾಬಿಟ್ ಒಎಂ3 ದರ್ಜೆಯ ಮಲ್ಟಿಮೋಡ್ ಫೈಬರಿನಲ್ಲಿ 300 ಮೀಟರ್, ಒಎಂ4ರಲ್ಲಿ 400 ಮೀಟರ್ ಓಡುತ್ತದೆ, ಬಹುತೇಕ ಕಟ್ಟಡಗಳಿಗೆ ಇದು ಧಾರಾಳ. ವೇಗ ಏರಿದಂತೆ ಈ ಅಂತರ ಕುಸಿಯುತ್ತದೆ: ನಾಲ್ಕು ಜೋಡಿ ಎಳೆಗಳನ್ನು ಬಳಸುವ 100 ಗಿಗಾಬಿಟ್‌ನ ಎಸ್‌ಆರ್4 ವಿಧಾನಕ್ಕೆ ಒಎಂ3ರಲ್ಲಿ 70, ಒಎಂ4ರಲ್ಲಿ 100 ಮೀಟರ್. ಸಿಂಗಲ್ ಮೋಡ್‌ನಲ್ಲಿ 10 ಗಿಗಾಬಿಟ್‌ಗೂ 100 ಗಿಗಾಬಿಟ್‌ಗೂ ಎಲ್‌ಆರ್ ವರ್ಗದ ಟ್ರಾನ್ಸೀವರ್‌ಗಳು 10 ಕಿಲೋಮೀಟರ್ ತಲಪುತ್ತವೆ.

ಇತಿಹಾಸ ಕೂಡ ಸಿಂಗಲ್ ಮೋಡ್‌ನ ಕಡೆಗಿದೆ. ಒಂದು ಕಾಲಕ್ಕೆ ಕಟ್ಟಡಗಳಲ್ಲಿ ಧಾರಾಳವಾಗಿ ಎಳೆದ 62.5 ಮೈಕ್ರಾನಿನ ಒಎಂ1 ಫೈಬರಿನಲ್ಲಿ ಸಾಮಾನ್ಯ 10 ಗಿಗಾಬಿಟ್ ಟ್ರಾನ್ಸೀವರ್ 33 ಮೀಟರ್‌ಗೇ ಸುಸ್ತಾಗುತ್ತದೆ. ಆಮೇಲೆ ಒಎಂ2, 3, 4, 5 ಒಂದರ ಹಿಂದೊಂದು ಬಂದವು. ಅದೇ ಅವಧಿಯಲ್ಲಿ ಎಳೆದ ಸಿಂಗಲ್ ಮೋಡ್ ಫೈಬರ್‌ಗಳು ತುದಿಯ ಉಪಕರಣವನ್ನಷ್ಟೇ ಬದಲಾಯಿಸಿಕೊಂಡು ಇಂದಿಗೂ ದುಡಿಯುತ್ತಿವೆ. ಟ್ರಾನ್ಸೀವರ್‌ಗಳ ಬೆಲೆಯ ಅಂತರವೂ ಈಗ ಮೊದಲಿನಷ್ಟಿಲ್ಲ. ಹೊಸ ಕಟ್ಟಡಕ್ಕೆ ಒಎಸ್2 ಸಿಂಗಲ್ ಮೋಡ್ ಎಂದೇ ನಾನು ಬರೆಯುತ್ತೇನೆ, ಪ್ರತಿ ಮಹಡಿಗೆ ಇಂದು ಬೇಕಾದ ಎಳೆಗಳ ಎರಡರಷ್ಟನ್ನಾದರೂ ಸೇರಿಸಿ. ಈಗಾಗಲೇ ಒಎಂ3, ಒಎಂ4 ಇದ್ದು ಉಪಕರಣಗಳೂ ಅದಕ್ಕೆ ಹೊಂದಿರುವ ಕಟ್ಟಡದಲ್ಲಿ ವಿಸ್ತರಣೆ ಮಾಡುವವರು ಅದನ್ನೇ ಮುಂದುವರಿಸಿದರೆ ತಪ್ಪಿಲ್ಲ. ಮಹಡಿಗೆ ಎರಡು ಫೈಬರ್ ಕೇಬಲ್ ಎಳೆಯುವುದಾದರೆ ಎರಡೂ ಬೇರೆ ಬೇರೆ ಶಾಫ್ಟಿನಲ್ಲಿ ಹೋಗಬೇಕು. ಒಂದೇ ಶಾಫ್ಟಿನಲ್ಲಿ ಅಕ್ಕಪಕ್ಕ ಹೋದ ಎರಡು ಕೇಬಲ್‌ಗಳು ಒಂದೇ ಡ್ರಿಲ್ಲಿಗೆ ತುಂಡಾಗುತ್ತವೆ.

ತಾಮ್ರವನ್ನೇ ಬಿಟ್ಟು ಮೇಜಿನ ಹತ್ತಿರದವರೆಗೂ ಫೈಬರ್ ತರುವ ಪ್ಯಾಸಿವ್ ಆಪ್ಟಿಕಲ್ ಜಾಲವನ್ನು ಇತ್ತೀಚೆಗೆ ಉತ್ಸಾಹದಿಂದ ಮಾರುತ್ತಾರೆ. ಮಹಡಿಯ ಕೋಣೆಗಳಲ್ಲಿ ಸ್ವಿಚ್ ಬೇಡ, ವಿದ್ಯುತ್ ಬೇಡ, ಬೆಳಕನ್ನು ಹಂಚುವ ಒಂದು ಸ್ಪ್ಲಿಟರ್ ಸಾಕು, ದೂರದ ಚಿಂತೆಯಿಲ್ಲ. ಇದರ ಒಂದು ಬಗೆಯಾದ ಜಿಪಾನ್ ವಿಧಾನದಲ್ಲಿ ಸುಮಾರು 2.5 ಗಿಗಾಬಿಟ್ ಇಳಿಹರಿವು ಮತ್ತು 1.25 ಗಿಗಾಬಿಟ್ ಏರುಹರಿವನ್ನು ಒಂದು ಸ್ಪ್ಲಿಟರಿನ ಕೆಳಗಿನ 32 ಅಥವಾ ಹೆಚ್ಚು ತುದಿಗಳು ಹಂಚಿಕೊಳ್ಳುತ್ತವೆ; ಎಕ್ಸ್‌ಜಿಎಸ್-ಪಾನ್‌ನಲ್ಲಿ ಎರಡೂ ಕಡೆ 10 ಗಿಗಾಬಿಟ್. ಆದರೆ ಫೈಬರಿನಲ್ಲಿ ವಿದ್ಯುತ್ ಬರುವುದಿಲ್ಲ. ಪ್ರತಿ ತುದಿಯ ಪೆಟ್ಟಿಗೆಗೂ ಪ್ಲಗ್ ಬೇಕು, ಕರೆಂಟು ಹೋದಾಗ ಆಕ್ಸೆಸ್ ಪಾಯಿಂಟ್‌ಗಳು ನಡೆಯಬೇಕಾದರೆ ಅಲ್ಲಲ್ಲಿ ಬ್ಯಾಟರಿ ಬೇಕು. ಕೋಣೆಕೋಣೆಗೂ ಒಂದೇ ಬಗೆಯ ಸಂಪರ್ಕ ಬೇಕಾದ ದೊಡ್ಡ ಹೋಟೆಲು, ಹರಡಿಕೊಂಡ ಕ್ಯಾಂಪಸ್ಸುಗಳಿಗೆ ಇದು ಒಗ್ಗುತ್ತದೆ. ಕೆಲವೇ ಮಹಡಿಗಳ ಕಚೇರಿಗೆ ಲಾಭ ಕಾಣುವುದು ಕಷ್ಟ.

ಹೊದಿಕೆ, ಪರೀಕ್ಷೆ, ಹೆಸರುಪಟ್ಟಿ

ಕೇಬಲ್ಲಿನ ಹೊದಿಕೆಯನ್ನು ಆರಿಸುವ ಸ್ವಾತಂತ್ರ್ಯ ಬಹುಮಟ್ಟಿಗೆ ನಮ್ಮದಲ್ಲ, ಆಯಾ ದೇಶದ ಅಗ್ನಿ ನಿಯಮದ್ದು. ಅಮೆರಿಕದಲ್ಲಿ ಹವಾನಿಯಂತ್ರಣದ ಗಾಳಿ ಹರಿಯುವ ಸೀಲಿಂಗ್ ಜಾಗಕ್ಕೆ ಪ್ಲೀನಮ್ ದರ್ಜೆ, ಶಾಫ್ಟಿಗೆ ರೈಸರ್ ದರ್ಜೆ ಎಂದು ವಿಂಗಡಣೆಯಿದೆ. ಯುರೋಪಿನಲ್ಲಿ ಬೆಂಕಿಗೆ ಕೇಬಲ್ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ಮೇಲೆ ಯೂರೋಕ್ಲಾಸ್ ದರ್ಜೆಗಳಿವೆ. ಸ್ಥಳೀಯ ನಿಯಮ ಮೌನವಾಗಿರುವಲ್ಲಿ ಹೊಗೆ ಕಡಿಮೆ ಉಗುಳುವ, ಹ್ಯಾಲೊಜನ್ ಇಲ್ಲದ ಹೊದಿಕೆಯನ್ನೇ ಕೇಳಬೇಕು. ಕೇಬಲ್ ಗೋಡೆಯನ್ನೋ ಮಹಡಿಯನ್ನೋ ದಾಟಿದ ರಂಧ್ರವನ್ನು ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚುವ ಹೊಣೆ ಯಾರದೆಂಬುದು ಗುತ್ತಿಗೆಯಲ್ಲೇ ಇರಬೇಕು.

ಪರೀಕ್ಷೆಯಲ್ಲಿ ಮೂರು ಮಟ್ಟಗಳಿವೆ. ತಂತಿಗಳು ಸರಿಯಾದ ಪಿನ್‌ಗೆ ಸೇರಿವೆಯೇ ಎಂದು ನೋಡುವುದು ಮೊದಲನೆಯದು. ಇಂತಿಷ್ಟು ವೇಗ ಓಡುತ್ತದೆಯೇ ಎಂದು ನೋಡುವುದು ಎರಡನೆಯದು. ಕ್ರಾಸ್‌ಟಾಕ್, ರಿಟರ್ನ್ ಲಾಸ್ (ಪ್ರತಿಫಲಿಸಿ ಹಿಂದಿರುಗುವ ಸಂಕೇತದ ಅಳತೆ), ಸಂಕೇತದ ನಷ್ಟ, ಪ್ರತಿರೋಧ ಎಲ್ಲವನ್ನೂ ಮಾನದಂಡದ ಮಿತಿಗೆ ಹೋಲಿಸಿ ಅಳೆಯುವ ಸರ್ಟಿಫಿಕೇಶನ್ ಮೂರನೆಯದು. ದೀಪ ಹತ್ತಿಸಿ ತೋರಿಸುವ ಚಿಕ್ಕ ಟೆಸ್ಟರಿನ ಫಲಿತಾಂಶಕ್ಕೆ ಹಣ ಪಾವತಿಸಬಾರದು. ಪ್ರತಿ ಪಾಯಿಂಟಿಗೂ ಪರ್ಮನೆಂಟ್ ಲಿಂಕ್ (ಪ್ಯಾನೆಲ್‌ನಿಂದ ಸಾಕೆಟ್‌ವರೆಗಿನ ಸ್ಥಿರ ಭಾಗ) ಪರೀಕ್ಷೆ, ಅದೂ ಖರೀದಿಸಿದ ವರ್ಗದ ಮಿತಿಯಲ್ಲೇ ಆಗಬೇಕು. ಕ್ಯಾಟ್ 6ಎ ಎಳೆದು ಕ್ಯಾಟ್ 6ರ ಮಿತಿಯಲ್ಲಿ ಪಾಸು ಮಾಡಿಸಿದ ವರದಿಯಲ್ಲಿ ಎಲ್ಲ ಸಾಲುಗಳೂ ಹಸಿರಾಗಿಯೇ ಕಾಣುತ್ತವೆ. ಫೈಬರಿಗೆ ತುದಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸಿಂಗಲ್ ಮೋಡ್ ಆದರೆ 1310 ಮತ್ತು 1550 ನ್ಯಾನೋಮೀಟರ್‌ನಲ್ಲಿ, ಮಲ್ಟಿಮೋಡ್ ಆದರೆ 850 ಮತ್ತು 1300ರಲ್ಲಿ ಬೆಳಕಿನ ನಷ್ಟ ಅಳೆಯಬೇಕು.

ವರದಿಯನ್ನು ಮುದ್ರಿತ ಪ್ರತಿಯಾಗಿ ಮಾತ್ರ ಪಡೆಯದೆ, ಪರೀಕ್ಷಾ ಯಂತ್ರದ ಮೂಲ ಕಡತವನ್ನೇ ಕೇಳಿ ಪಡೆಯಬೇಕು. ಜೊತೆಗೆ ಮಹಡಿ, ಕೋಣೆ, ಪ್ಯಾನೆಲ್, ಪೋರ್ಟ್ ಎಂಬ ಕ್ರಮದಲ್ಲಿ ಪ್ರತಿ ಕೇಬಲ್ಲಿನ ಎರಡೂ ತುದಿಗೆ ಒಂದೇ ಗುರುತು ಅಂಟಿಸಿರಬೇಕು, ಅದೇ ಗುರುತು ಪರೀಕ್ಷಾ ವರದಿಯಲ್ಲೂ, ಕೆಲಸ ಮುಗಿದ ಮೇಲೆ ತಿದ್ದಿದ ನಕ್ಷೆಯಲ್ಲೂ ಇರಬೇಕು. ಈ ಮೂರೂ ಒಂದಕ್ಕೊಂದು ತಾಳೆಯಾಗುವವರೆಗೆ ಗುತ್ತಿಗೆದಾರರ ಕೊನೆಯ ಕಂತನ್ನು ತಡೆಹಿಡಿಯುವ ಷರತ್ತನ್ನು ಕೇಬಲ್ ಎಳೆಯುವ ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು.